ಬಂಡೆಯ ಮೇಲಿನ ಎರಡಕ್ಷರ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಮನೆಯಿರುವವನಿಗೆ ನೆಂಟರಿಷ್ಟರ ಬರವಿಲ್ಲ. ದೊಡ್ಡ ಬಸವಣ್ಣನ ಗುಡಿಯ ಬೀದಿಯ ಎರಡು ಮಗ್ಗುಲಲ್ಲಿಯೂ ಕಡಲೆಕಾಯಿಯ ರಾಶಿ ಬಿದ್ದಿತೆಂದರೆ ವರ್ಷವಿಡೀ ಮುಖ ತೋರಿಸದವರೂ ನಮ್ಮ ಜಗಲಿಯಲ್ಲಿ ಚಪ್ಪಲಿ ಬಿಡುತ್ತಾರೆ. 2024ರಲ್ಲಿ ಆ ಸೋಮವಾರ ನವೆಂಬರ್ 25ರಂದು ಬಂದಿತು. ಪ್ಲಾಸ್ಟಿಕ್ ಚೀಲ ಬೇಡ, ಮನೆಯಿಂದ ಬಟ್ಟೆಯ ಕೈಚೀಲ ತನ್ನಿರೆಂದು ಪರಿಷೆಯಲ್ಲಿ ಸಾರುತ್ತಿದ್ದ ಕಾಲವದು. ಚಾಮರಾಜಪೇಟೆಯಿಂದ ಬಂದಿದ್ದ ಅತ್ತಿಗೆ ತಮ್ಮ ಹಳೆಯ ಕಾಸಿಬಟ್ಟೆಯ ಚೀಲದಲ್ಲಿ ಎರಡು ಸೇರು ಕಡಲೆಕಾಯಿ ತುಂಬಿಕೊಂಡು, ದಣಿವಾರಿಸಿಕೊಳ್ಳಲು ನಮ್ಮಲ್ಲಿ ಕುಳಿತರು.

ಅತ್ತಿಗೆಯೆಂದರೆ ನನ್ನ ಒಡಹುಟ್ಟಿದವರ ಪತ್ನಿಯಲ್ಲ. ಒಂದೇ ಬ್ಯಾಂಕಿನಲ್ಲಿ, ಒಂದೇ ಮೇಜಿನ ಎರಡು ಕಡೆ ಕುಳಿತು ಮೂವತ್ತು ವರ್ಷ ಲೆಕ್ಕ ಬರೆದ ಗೆಳೆಯನ ಹೆಂಡತಿ. ಅವನು ನನಗಿಂತ ಒಂದು ವರ್ಷ ಹಿರಿಯನಾದ್ದರಿಂದ ಆ ಸಂಬೋಧನೆ. 2021ರ ಬೇಸಿಗೆಯಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ ಅವನು ಹೋಗಿಬಿಟ್ಟ. ಕಡೆಯ ದರ್ಶನವೂ ನಮಗೆ ಆಗಲಿಲ್ಲ.

ನನ್ನ ಮಗಳು ಅಂದು ಮನೆಯಲ್ಲಿಯೇ ಇದ್ದಳು. ಡಿಸೆಂಬರಿನಲ್ಲಿ ತನ್ನ ಇಬ್ಬರು ಸ್ನೇಹಿತೆಯರೊಡನೆ ಕುಮಾರ ಪರ್ವತ ಹತ್ತುವುದಾಗಿ ಮಾತಿನ ನಡುವೆ ಹೇಳಿದಳು. ಅತ್ತಿಗೆ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

“ಅಲ್ಲಿ ಒಂದು ಬಂಡೆಯ ಮೇಲೆ ಅವರ ಹೆಸರಿದೆಯಂತೆ ಕಣಮ್ಮ. ಮದುವೆಯಾದ ಹೊಸತರಲ್ಲಿ ನೂರು ಸಲ ಹೇಳಿದ್ದಾರೆ. ನಿನಗೆ ಸಿಕ್ಕಿದರೆ ಒಂದು ಫೋಟೋ ತೆಗೆದುಕೊಂಡು ಬರುತ್ತೀಯಾ?”

ಮಗಳು ನನ್ನ ಕಡೆ ನೋಡಿದಳು. ಕಾಡಿನಲ್ಲಿ ಚಾಕಲೇಟಿನ ಕಾಗದ ಬಿಸುಡುವವರೊಡನೆಯೂ ಜಗಳವಾಡುವ ಹುಡುಗಿ ಅವಳು. ಬಂಡೆಯ ಮೇಲೆ ಹೆಸರು ಕೆತ್ತುವವರ ವಿಷಯದಲ್ಲಿ ಅವಳ ಅಭಿಪ್ರಾಯವೇನೆಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಅತ್ತಿಗೆಯ ಮುಖ ನೋಡಿ, “ಆಗಲಿ ಆಂಟಿ” ಎಂದಳು. “ಯಾವ ಬಂಡೆ ಅಪ್ಪ?” ಎಂದು ಕೇಳಿದಾಗ ನಾನು ಗುರುತು ಹೇಳಿದೆ. ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ.

1989ರ ಡಿಸೆಂಬರಿನಲ್ಲಿ ನಾವಿಬ್ಬರೂ ಆ ಪರ್ವತ ಹತ್ತಿದ್ದೆವು. ಆಗಿನ್ನೂ ಬ್ರಹ್ಮಚಾರಿಗಳು. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಸುಬ್ರಹ್ಮಣ್ಯದ ಬಸ್ಸು ಹತ್ತಿ, ಬೆಳಗ್ಗೆ ಕುಮಾರಧಾರೆಯಲ್ಲಿ ಮುಳುಗಿ, ದೇವರಿಗೆ ಕೈಮುಗಿದು ಕಾಡಿನ ಹಾದಿ ಹಿಡಿದೆವು. ಮರಗಳ ಬೇರುಗಳೇ ಮೆಟ್ಟಿಲು. ಎರಡು ಮೂರು ಗಂಟೆ ಏರಿದ ಮೇಲೆ ಗಿರಿಗದ್ದೆಯಲ್ಲಿ ಭಟ್ಟರ ಮನೆ. ಅಡಿಕೆ ತೋಟದ ನಡುವಿನ ಆ ಮನೆಯಲ್ಲಿ ಬಡಿಸಿದ ಬಿಸಿ ಅನ್ನ, ಸಾಂಬಾರು, ಮಜ್ಜಿಗೆಯ ರುಚಿಯನ್ನು ವಿದ್ಯಾರ್ಥಿ ಭವನದ ದೋಸೆಯ ಮೇಲೆ ಬೆಳೆದ ನನ್ನ ನಾಲಗೆ ಈಗಲೂ ಮರೆತಿಲ್ಲ. ಅಲ್ಲಿಂದ ಮೇಲಕ್ಕೆ ಕಾಡು ಹಿಂದೆ ಬೀಳುತ್ತದೆ. ಸೊಂಟದೆತ್ತರದ ಹುಲ್ಲು, ಕಣಿವೆಯ ಮಡಿಲುಗಳಲ್ಲಿ ಮಾತ್ರ ಕರಿಹಸುರಿನ ಶೋಲಾ ಕಾಡು. ಮುಂದೆ ಕಲ್ಲು ಮಂಟಪ, ಅದರಾಚೆ ಶೇಷಪರ್ವತ, ಕಡೆಯಲ್ಲಿ 1,712 ಮೀಟರು ಎತ್ತರದ ಶಿಖರ. ಆಚೆ ಬದಿಯ ಕೊಡಗಿನ ಕಾಡನ್ನು ಎರಡು ವರ್ಷ ಮೊದಲು, 1987ರಲ್ಲಿ, ಪುಷ್ಪಗಿರಿ ವನ್ಯಧಾಮವೆಂದು ಘೋಷಿಸಿದ್ದರೆಂಬುದು ನಮಗೆ ತಿಳಿದೇ ಇರಲಿಲ್ಲ. ತಿಳಿದಿದ್ದರೂ ನಮ್ಮ ಆ ವಯಸ್ಸಿನಲ್ಲಿ ಅದರಿಂದ ಏನಾಗುತ್ತಿತ್ತೋ!

ಎರಡು ದಿನ ನಮಗೆ ಮೂರನೆಯ ಮನುಷ್ಯ ಎದುರಾಗಲಿಲ್ಲ. ಶಿಖರದಿಂದ ಇಳಿಯುತ್ತ ಮಂಟಪದ ಮೇಲ್ಭಾಗದಲ್ಲಿ ಆನೆ ಮಲಗಿದಂತಿದ್ದ ಒಂದು ಬಂಡೆಯ ಬಳಿ ಕುಳಿತಾಗ ಗೆಳೆಯ ತನ್ನ ಚೀಲದಿಂದ ಒಂದು ಚಿಕ್ಕ ಉಳಿಯನ್ನೂ ಸುತ್ತಿಗೆಯನ್ನೂ ತೆಗೆದ. ಒರಳುಕಲ್ಲಿಗೆ ಉಳಿ ಹೊಡೆಯುತ್ತ ಚಾಮರಾಜಪೇಟೆಯ ಬೀದಿಗಳಲ್ಲಿ ತಿರುಗುತ್ತಿದ್ದ ಒಬ್ಬನಿಂದ ಎರವಲು ತಂದದ್ದು. ಇಷ್ಟು ದೂರ ಆ ಭಾರವನ್ನು ನನಗೆ ಹೇಳದೆ ಹೊತ್ತಿದ್ದ! ಬಂಡೆ ನುಣ್ಣಗಿತ್ತು, ಅದರ ಮೇಲೆ ಒಂದು ಗೀರೂ ಇರಲಿಲ್ಲ. ಎರಡು ಗಂಟೆಯ ಹೊತ್ತು ಟಕಟಕ ಬಡಿದು ಹೆಸರಿನ ಎರಡಕ್ಷರವನ್ನೂ ಇಸವಿಯನ್ನೂ ಕೆತ್ತಿದ. ಆಮೇಲೆ ಉಳಿಯನ್ನು ನನ್ನ ಕಡೆ ಚಾಚಿದ. ನಾನು ಬೇಡವೆನ್ನಲಿಲ್ಲ. ಅವನ ಹೆಸರಿನ ಕೆಳಗೆ ನನ್ನ ಎರಡಕ್ಷರವೂ ಕೂತಿತು.

ಮಗಳಿಗೆ ನಾನು ಹೇಳದೆ ಉಳಿಸಿದ್ದು ಇದು.

ಬಂಡೆ ಸಿಕ್ಕಲಾರದೆಂಬ ಧೈರ್ಯ ನನಗಿತ್ತು. ಜೊತೆಗೆ ಹೋದರೆ ಮಾತು ಬೇರೆ ಕಡೆಗೆ ತಿರುಗಿಸಬಹುದೆಂಬ ಉಪಾಯವೂ ಇತ್ತು. ಹಾಗಾಗಿ “ನಾನೂ ಬರುತ್ತೇನೆ” ಎಂದೆ. ಈಗ ಹಾಗೆಂದು ಹೊರಡುವಂತಿಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಆ ಒಂದೇ ಹಾದಿಗೆ ಸಾವಿರಾರು ಜನ ನುಗ್ಗಿದರು. ಹುಲ್ಲುಗಾವಲಿನ ಏಣಿನ ಮೇಲೆ ಇರುವೆಯ ಸಾಲಿನಂತೆ ನಿಂತ ಜನರ ಚಿತ್ರವನ್ನು ನೀವೂ ನೋಡಿರಬಹುದು. ಅರಣ್ಯ ಸಚಿವರಾಗಿದ್ದ ಈಶ್ವರ ಖಂಡ್ರೆಯವರು ಮುಂಗಡ ನೋಂದಣಿಯ ಏರ್ಪಾಡಿಲ್ಲದ ಚಾರಣಗಳನ್ನು ನಿಲ್ಲಿಸಿದರು. ಆ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಜಾಲತಾಣ ತೆರೆದ ಮೇಲೆ ದಿನಕ್ಕೆ ಒಂದು ಹಾದಿಯಲ್ಲಿ ಮುನ್ನೂರು ಮಂದಿಗೆ ಮೀರದಂತೆ ಚೀಟಿ ಕೊಡತೊಡಗಿದರು. ಮಗಳು ನಾಲ್ಕು ಚೀಟಿ ಪಡೆದಳು.

ದೇವರ ಬೆಟ್ಟಕ್ಕೆ ಹೋಗಲೂ ಸರಕಾರದ ಚೀಟಿಯೇ ಎಂದು ನಮ್ಮ ಬ್ಯೂಗಲ್ ರಾಕ್ ಉದ್ಯಾನದ ವಾಯುಸೇವಕ ಮಂಡಳಿಯಲ್ಲಿ ಒಬ್ಬಿಬ್ಬರು ಗೊಣಗಿದರು. ನನಗೆ ಹಾಗೆನಿಸಲಿಲ್ಲ. ಥಾಯ್ಲೆಂಡಿಗೆ ಹೋಗಿ ಬಂದಿದ್ದ ನನ್ನ ಸೋದರಳಿಯ ಅಲ್ಲಿನ ಮಾಯಾ ಕೊಲ್ಲಿಯ ಕತೆ ಹೇಳಿದ್ದ. ಒಂದು ಇಂಗ್ಲಿಷ್ ಸಿನಿಮಾದಿಂದ ಹೆಸರಾದ ಆ ಚಿಕ್ಕ ಕಡಲತೀರಕ್ಕೆ ದಿನವೂ ಸಾವಿರಾರು ಜನ ದೋಣಿಗಳಲ್ಲಿ ಬಂದು ಇಳಿದು, ಲಂಗರುಗಳ ಏಟಿಗೆ ಹವಳದ ದಿಬ್ಬಗಳು ಹಾಳಾದವು. 2018ರಲ್ಲಿ ಅಲ್ಲಿನ ಸರಕಾರ ಕೊಲ್ಲಿಯನ್ನೇ ಮುಚ್ಚಿಬಿಟ್ಟಿತು. 2022ರ ಜನವರಿಯಲ್ಲಿ ಮರಳಿ ತೆರೆದಾಗ ದೋಣಿಗಳು ಕೊಲ್ಲಿಯೊಳಗೆ ಬರುವಂತಿರಲಿಲ್ಲ. ಹಿಂಬದಿಯ ಕಟ್ಟೆಯಲ್ಲಿ ಇಳಿದು ನಡೆದು ಬರಬೇಕು. ಈ ನಡುವೆ ಕಪ್ಪು ರೆಕ್ಕೆತುದಿಯ ಶಾರ್ಕ್ ಮೀನುಗಳು ತಾವಾಗಿಯೇ ಹಿಂತಿರುಗಿದ್ದವು. ಫಿಲಿಪ್ಪೀನ್ಸಿನವರೂ ಅದೇ 2018ರಲ್ಲಿ ಬೊರಾಕಾಯ್ ದ್ವೀಪವನ್ನು ಆರು ತಿಂಗಳು ಮುಚ್ಚಿ ತೊಳೆದರು. ಪ್ರವಾಸಿಗರ ಹಣವೇ ಅನ್ನವಾಗಿರುವ ಆ ದೇಶಗಳವರು ಬಾಗಿಲು ಹಾಕಬಲ್ಲರಾದರೆ, ಮುನ್ನೂರರ ಲೆಕ್ಕಕ್ಕೆ ನಾವೇಕೆ ಮುನಿಯಬೇಕು?

ಡಿಸೆಂಬರ್ 7ರ ಚಂಪಾಷಷ್ಠಿಯ ಸಂದಣಿ ಕಳೆದ ಮೇಲೆ ಹೊರಟೆವು. ಗಿರಿಗದ್ದೆ ತಲಪುವಷ್ಟರಲ್ಲಿ ನನ್ನ ಮೊಣಕಾಲು ತನ್ನ ತೀರ್ಮಾನ ತಿಳಿಸಿತು. “ಅಪ್ಪ, ನೀನು ಇಲ್ಲೇ ಕೂತಿರು. ಸಾಯಂಕಾಲದೊಳಗೆ ಬಂದುಬಿಡುತ್ತೇವೆ” ಎಂದು ಮಗಳು ನೀರಿನ ಬಾಟಲಿಯೊಂದನ್ನು ನನ್ನ ಪಕ್ಕದಲ್ಲಿಟ್ಟು ಹೊರಟೇಬಿಟ್ಟಳು. ಮಾತು ತಿರುಗಿಸುವ ನನ್ನ ಉಪಾಯ ಅಲ್ಲಿಗೇ ಮುಗಿಯಿತು.

ಅರಣ್ಯ ಇಲಾಖೆಯ ಠಾಣೆಯ ಬಳಿ ಒಬ್ಬ ಕಾವಲುಗಾರ ಹೋಗುವವರ ಚೀಲ ಬಿಚ್ಚಿಸಿ ನೋಡುತ್ತಿದ್ದ. ಸುಬ್ರಹ್ಮಣ್ಯದ ಕಡೆಯವನೇ, ನನ್ನ ವಯಸ್ಸಿಗಿಂತ ಹತ್ತು ವರ್ಷ ಚಿಕ್ಕವನಿರಬಹುದು. ಬಿಡುವಾದಾಗ ಬಂದು ನನ್ನ ಪಕ್ಕದ ಕಲ್ಲಿನ ಮೇಲೆ ಕುಳಿತ.

“ಬಾಟಲಿ, ಕವರು ಹೆಕ್ಕಿ ತರಬಹುದು ಮಾರಾಯ್ರೇ, ಅದು ದೊಡ್ಡ ಕೆಲಸವಲ್ಲ. ಆ ದಾರಿ ನೋಡಿ” ಎಂದು ಎದುರಿನ ಗುಡ್ಡದತ್ತ ಬೆರಳು ತೋರಿಸಿದ.

ಹಸುರು ಹುಲ್ಲಿನ ನಡುವೆ ಕೆಂಪು ಮಣ್ಣಿನ ಗಾಯದಂತೆ ಹಾದಿ ಕಾಣುತ್ತಿತ್ತು. ಒಂದಲ್ಲ, ಮೂರು ನಾಲ್ಕು ಎಳೆ. ಅವನು ವಿವರಿಸಿದ. ಮೊದಲು ಬೂಟುಗಳು ಹುಲ್ಲಿನ ಬೇರನ್ನು ಸವೆಯಿಸುತ್ತವೆ. ಬೇರು ಹೋದ ಕಡೆ ಮಳೆಗಾಲದ ನೀರು ಇಳಿದು ಮಣ್ಣನ್ನು ಕೊಚ್ಚಿ ಹಾದಿಯನ್ನೇ ತೋಡು ಮಾಡುತ್ತದೆ. ತೋಡಿನಲ್ಲಿ ಕಾಲು ಜಾರುವುದೆಂದು ಮುಂದಿನ ವರ್ಷದವರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಅಲ್ಲಿಯೂ ತೋಡು. ನೂರು ಜನ ಒಂದೇ ಗೆರೆಯಲ್ಲಿ ನಡೆದರೆ ಗುಡ್ಡ ತಾಳಿಕೊಳ್ಳುತ್ತದೆ. ಹತ್ತೇ ಜನ ಅಡ್ಡಾದಿಡ್ಡಿ ನಡೆದರೆ ತಾಳುವುದಿಲ್ಲ. ಪುಷ್ಪಗಿರಿಯೂ ಸೇರಿದಂತೆ ಪಶ್ಚಿಮ ಘಟ್ಟದ 39 ತಾಣಗಳನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟವನೇ. ಆದರೆ ಒಂದು ಗುಡ್ಡ ಸವೆಯುವ ಬಗೆಯನ್ನು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ.

ನಾನು ತಡೆಯಲಾರದೆ ಕೇಳಿದೆ: “ಬಂಡೆಯ ಮೇಲೆ ಕೆತ್ತಿದ ಹೆಸರುಗಳನ್ನು ಏನು ಮಾಡುತ್ತೀರಿ?”

“ಬಣ್ಣದಲ್ಲಿ ಬರೆದರೆ ಉಜ್ಜಿ ತೆಗೆಯಬಹುದು. ಉಳಿಯಲ್ಲಿ ಕೆತ್ತಿದ್ದು ಹೋಗುವುದಿಲ್ಲ. ಅದನ್ನು ಅಳಿಸಲು ಹೋದರೆ ಕಲ್ಲಿಗೆ ಇನ್ನೊಂದು ಗಾಯ. ಪಾಚಿ ಬೆಳೆದು ಮುಚ್ಚಬೇಕು, ಅಷ್ಟೆ. ಎಷ್ಟು ಮಳೆಗಾಲ ಬೇಕೋ!” ಎಂದು ನಕ್ಕು, “ಒಬ್ಬ ಬರೆದರೆ ಸಾಕು ನೋಡಿ. ಖಾಲಿ ಬಂಡೆಯ ಮೇಲೆ ಯಾರೂ ಕೈಯಿಡುವುದಿಲ್ಲ. ಒಂದು ಹೆಸರಿತ್ತೆಂದರೆ ನೂರು ಹೆಸರು” ಎಂದು ಎದ್ದು ಹೋದ.

ಭಟ್ಟರ ಮನೆಯ ಮಜ್ಜಿಗೆ ಅಂದು ನನಗೆ ರುಚಿಸಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಹುಡುಗಿಯರು ಇಳಿದು ಬಂದರು. ಸ್ನೇಹಿತೆಯರು ಮೋಡದ ವರ್ಣನೆ ಮಾಡುತ್ತಿದ್ದರೆ, ಮಗಳು ದಾರಿಯಲ್ಲಿ ಹೆಕ್ಕಿ ತಂದ ಕಾಗದ, ಬಾಟಲಿಗಳ ಚೀಲವನ್ನು ಠಾಣೆಯಲ್ಲಿ ಒಪ್ಪಿಸಿ ಸುಮ್ಮನೆ ನಿಂತಳು. ಬಂಡೆಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಸುಬ್ರಹ್ಮಣ್ಯದಲ್ಲಿ ಊಟವಾಗಿ, ರಾತ್ರಿಯ ಬಸ್ಸಿನಲ್ಲಿ ದೀಪ ಆರಿಸಿದ ಮೇಲೆ ತನ್ನ ಮೊಬೈಲನ್ನು ನನ್ನ ಕೈಗಿಟ್ಟಳು.

ಅದೇ ಬಂಡೆ. ಆದರೆ ಆನೆಯ ಮೈಯಲ್ಲಿ ಬೆರಳಿಡುವಷ್ಟು ಜಾಗವಿರಲಿಲ್ಲ. ಬಾಣ ಚುಚ್ಚಿದ ಹೃದಯಗಳು, ಊರಿನ ಹೆಸರುಗಳು, ಯಾವುದೋ ಕಾಲೇಜಿನ ತಂಡ, ಯಾರದೋ ಫೋನ್ ಸಂಖ್ಯೆ. ಅವೆಲ್ಲದರ ನಟ್ಟನಡುವೆ, ಅರ್ಧ ಪಾಚಿ ಹಿಡಿದು, ಎಲ್ಲಕ್ಕಿಂತ ಹಳೆಯ ಇಸವಿಯೊಡನೆ, ಅವನ ಎರಡಕ್ಷರ. ಕೆಳಗೆ ನನ್ನದು.

“ನಿನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ ಅಪ್ಪ? ನನ್ನ ಸ್ಕೂಲ್ ಪುಸ್ತಕಗಳಿಗೆಲ್ಲ ಹೆಸರು ಬರೆದುಕೊಟ್ಟವನು ನೀನೇ ಅಲ್ಲವೇ?”

ನಾನು ಏನು ಹೇಳಲಿ? ಆ ಕಾಲ ಬೇರೆ ಎನ್ನಬಹುದಾಗಿತ್ತು. ನಮಗೆ ತಿಳಿದಿರಲಿಲ್ಲ ಎನ್ನಬಹುದಾಗಿತ್ತು. ಅದು ಅರ್ಧ ನಿಜ. ತಿಳಿಯದವನು ಉಳಿಯನ್ನು ಚೀಲದಡಿಯಲ್ಲಿ ಬಚ್ಚಿಟ್ಟು ತರುವುದಿಲ್ಲ, ಮಗಳಿಂದ ಮೂವತ್ತೈದು ವರ್ಷದ ಮೇಲೆ ಮುಚ್ಚಿಡುವುದೂ ಇಲ್ಲ. “ಆಗ ಆ ಬಂಡೆಯ ಮೇಲೆ ಬೇರೆ ಯಾರ ಹೆಸರೂ ಇರಲಿಲ್ಲ” ಎಂದೆ. ಅದು ಸಮಜಾಯಿಷಿಯಂತೆ ಕೇಳಿಸಿತೋ ತಪ್ಪೊಪ್ಪಿಗೆಯಂತೆ ಕೇಳಿಸಿತೋ ಗೊತ್ತಿಲ್ಲ. ಮಗಳು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. ಆಮೇಲೆ ನನ್ನ ಭುಜಕ್ಕೆ ತಲೆಯಿಟ್ಟು ನಿದ್ರೆಹೋದಳು. ನನಗೆ ಬೆಂಗಳೂರು ಬರುವವರೆಗೂ ನಿದ್ರೆ ಬರಲಿಲ್ಲ.

ಮರುವಾರ ಗಾಂಧಿ ಬಜಾರಿನಲ್ಲಿ ಫೋಟೋ ಅಚ್ಚು ಹಾಕಿಸಿ ಇಬ್ಬರೂ ಚಾಮರಾಜಪೇಟೆಗೆ ಹೋದೆವು. ನನ್ನ ಹೆಸರಿನ ಭಾಗವನ್ನು ಕತ್ತರಿಸಿ ಅಚ್ಚು ಹಾಕಿಸುವ ಯೋಚನೆ ಒಮ್ಮೆ ಬಂದಿತ್ತು. ಮಗಳ ಮುಂದೆ ಬಾಯಿ ಬಿಡಲಿಲ್ಲ. ಅತ್ತಿಗೆ ಕನ್ನಡಕ ಹಾಕಿಕೊಂಡು, ಬೆಳಕಿಗಾಗಿ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಬೆರಳ ತುದಿಯಿಂದ ಆ ಎರಡಕ್ಷರವನ್ನು ಮೆಲ್ಲಗೆ ಮುಟ್ಟಿದರು.

“ಇಷ್ಟೊಂದು ಜನ ಬರೆದುಬಿಟ್ಟಿದ್ದಾರಲ್ಲ!” ಎಂದರು. ಮತ್ತೆ ನೋಡಿ, “ಕೆಳಗಿನದು ನಿಮ್ಮದಲ್ಲವೇ? ನೀವು ಮೊದಲು ಬೇಡವೆಂದಿರಂತೆ, ಆಮೇಲೆ ಕೆತ್ತಿದಿರಂತೆ. ಹಾಗೆಂದು ಅವರು ಹೇಳುತ್ತಿದ್ದರು.”

ಬೇಡವೆಂದಿರಲಿಲ್ಲ. ಮೂವತ್ತು ವರ್ಷ ನನ್ನ ಮೇಜಿನ ಎದುರು ಕುಳಿತವನು ಹೆಂಡತಿಯ ಮುಂದೆಯೂ ನನ್ನ ಪಾಲಿನ ತಪ್ಪನ್ನು ಕಡಮೆ ಮಾಡಿ ಹೇಳಿದ್ದ.

“ಇಲ್ಲ ಅತ್ತಿಗೆ, ನಾನು ಬೇಡವೆನ್ನಲಿಲ್ಲ” ಎಂದೆ.

ಮಗಳು ಕಾವಲುಗಾರನ ಮಾತನ್ನು ಅವರಿಗೆ ತಿಳಿಸಿದಳು. ಅದನ್ನು ಅಳಿಸಲಾಗುವುದಿಲ್ಲ, ಪಾಚಿಯೇ ಮುಚ್ಚಬೇಕು, ಈಗಾಗಲೇ ಅರ್ಧ ಮುಚ್ಚಿದೆ ಎಂದಳು. ಅತ್ತಿಗೆ ಫೋಟೋವನ್ನು ಪಂಚಾಂಗದ ಪುಟಗಳ ನಡುವೆ ಇಟ್ಟು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ಮುಚ್ಚಲಿ ಬಿಡಮ್ಮ. ಮುಂದಿನ ಸಲ ಹೋದಾಗ ಹುಡುಕಬೇಡ” ಎಂದು ಕಾಫಿ ಮಾಡಲು ಒಳಗೆ ಹೋದರು.