ಮೋತಿಯ ವ್ರತ

ರಾಯರ ಮನೆಯ ಸ್ಪ್ಯಾನಿಯಲ್ ನಾಯಿ ಮೋತಿಗೆ ತಿಂಗಳಿಗೊಮ್ಮೆ ಕಿವಿ ಸೋರುವುದು ತಪ್ಪುತ್ತಿರಲಿಲ್ಲ. ಅದು ತಲೆ ಕೊಡವಿದರೆ ಪಡಸಾಲೆಯೆಲ್ಲ ಕಮಟು ವಾಸನೆ. ರಾಯರು ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಚಿಕಿತ್ಸೆಗೆ ಕುಳಿತರೆ ಬೇನೆ ಇಮ್ಮಡಿಸುತ್ತಿತ್ತು.

ಪಶುವೈದ್ಯರು ಮೊದಲು ಆ ಕಡ್ಡಿಯನ್ನು ಬಿಡಿಸಿದರು. ನಾಯಿಯ ಕಿವಿಯ ನಾಳ ಕೆಳಕ್ಕಿಳಿದು ಬಳಿಕ ಒಳಕ್ಕೆ ತಿರುಗುತ್ತದೆ; ಕಡ್ಡಿ ಕೊಳೆಯನ್ನು ಆ ತಿರುವಿಗೆ ಒತ್ತುತ್ತದೆ. ಜೋಲುಗಿವಿಯೊಳಗೆ ತೇವವೂ ಬೇಗ ಆರದು. ಹೀಗೆಯೇ ಬಿಟ್ಟರೆ ನಾಳ ಮುಚ್ಚಿಕೊಂಡು ನಾಯಿ ಕಿವುಡಾದೀತೆಂದು ಎಚ್ಚರಿಸಿದರು. ಕಿವಿಯ ತಮಟೆ ಹರಿದಿಲ್ಲವೆಂದು ನೋಡಿ, ಔಷಧಿಯೊಡನೆ ತೊಳೆಯುವ ದ್ರಾವಣವನ್ನೂ ಕೊಟ್ಟರು: ನಾಳದ ತುಂಬ ಸುರಿದು, ಬುಡವನ್ನು ಹೊರಗಿನಿಂದ ನೀವಿ, ನಾಯಿ ಕೊಡವಿದ ಮೇಲೆ ಹೊರಬಂದದ್ದನ್ನಷ್ಟೇ ಒರೆಸಬೇಕು.

ಒಗ್ಗದ ಆಹಾರವೂ ಕಾರಣವಾಗಬಹುದೆಂದು, 8 ವಾರ ಮೋತಿ ಎಂದೂ ತಿನ್ನದ ಮೀನು, ಗೆಣಸು ಮಾತ್ರ ವಿಧಿಸಿದರು. ಮಡಿಯ ಮನೆಯಲ್ಲಿ ಮೀನು! ಹಿತ್ತಿಲಲ್ಲಿ ಬೇರೆ ಒಲೆ ಹೂಡಲಾಯಿತು. 5ನೆಯ ವಾರ ಕಿವಿ ಒಣಗಿತು. 6ನೆಯ ವಾರ ಮತ್ತೆ ಕೆರೆತ. ವಿಚಾರಿಸಿದಾಗ ಅಜ್ಜಿ ಒಪ್ಪಿಕೊಂಡರು: “ಪಾಪ, ಒಂದೇ ಒಂದು ತುತ್ತು ಮೊಸರನ್ನ ಕಣಪ್ಪ.”

ಅನುಮಾನ ಹಾಲಿನ ಮೇಲೆ ಬಿತ್ತು. ವ್ರತ ಮುಗಿದ ಮೇಲೆ ಬೇಕೆಂದೇ ಹಾಲು ಕೊಟ್ಟು ನೋಡಿದಾಗ ಕೆರೆತ ಮರಳಿತು, ಸಂಶಯ ಉಳಿಯಲಿಲ್ಲ.

ಈಗ ಊಟದ ಹೊತ್ತಿಗೆ ಮೋತಿ ಬಂದು ಮಂಡಿಯ ಮೇಲೆ ತಲೆಯಿಟ್ಟರೆ, ಅಜ್ಜಿ ಬರಿಗೈಯಿಂದ ಅದರ ಕಿವಿಯನ್ನು ನೇವರಿಸುತ್ತಾರೆ.