ಕಪಾಟಿಲ್ಲದ ಸೀರೆ ಅಂಗಡಿ

ನನ್ನ ಅಂಗಡಿಯಲ್ಲಿ ಸೀರೆಗಳಿಲ್ಲ. ನಾನು ಮಾರುವ ಸೀರೆಗಳೆಲ್ಲ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ, ನೇಯ್ದವರ ಮನೆಯಲ್ಲೇ ಇರುತ್ತವೆ. ಕೆಲವು ಮಡಿಕೆಯಾಗಿ ಟ್ರಂಕಿನಲ್ಲಿ, ಕೆಲವು ಇನ್ನೂ ಮಗ್ಗದ ಮೇಲೆ. ನಾನಿರುವುದು ಧಾರವಾಡದಲ್ಲಿ. ಕೊಳ್ಳುವವರು ಬೆಂಗಳೂರು, ಪುಣೆ, ಸೊಲ್ಲಾಪುರ, ಹೈದರಾಬಾದುಗಳಲ್ಲಿ. ಫೋನಿನಲ್ಲಿ ಫೋಟೊ ನೋಡಿ ಅವರು ಒಪ್ಪುತ್ತಾರೆ, ಯುಪಿಐ ಮೂಲಕ ಹಣ ಬರುತ್ತದೆ, ವಿಳಾಸ ನೇಕಾರರ ಮನೆಗೆ ಹೋಗುತ್ತದೆ, ಸೀರೆ ಅಲ್ಲಿಂದಲೇ ಸ್ಪೀಡ್ ಪೋಸ್ಟಿನಲ್ಲಿ ಹೊರಡುತ್ತದೆ. ಡ್ರಾಪ್ ಶಿಪ್ಪಿಂಗ್ ಎಂದು ಈಗ ಎಲ್ಲರ ಬಾಯಲ್ಲಿರುವ ವ್ಯಾಪಾರ ಇದೇ. ಸರಕು ಮಾಡಿದವರ ಹತ್ತಿರ ಇರುತ್ತದೆ. ಗಿರಾಕಿಯನ್ನು ಹುಡುಕಿ, ಸರಕಿನ ಬಗ್ಗೆ ಮಾತು ಕೊಟ್ಟು, ಆ ಮಾತು ಉಳಿಸಿಕೊಳ್ಳುವುದು ನಡುವಿನವರ ಕೆಲಸ. ನಿವೃತ್ತಿಯ ಮೇಲೆ ಹೊತ್ತು ಕಳೆಯಲು ಹಿಡಿದ ಈ ಕೆಲಸ ಈಗ ನನಗೆ ಹಾಡು ಕಲಿತಷ್ಟು ಇಷ್ಟ.

ಕಾಣದ ಸರಕಿಗೆ ದುಡ್ಡು ಕೊಡುವುದು ನಮ್ಮ ಜನರಿಗೆ ಹೊಸದಲ್ಲ. ಭಾರತದ ಅಂಚೆ ಇಲಾಖೆ ವಿ.ಪಿ.ಪಿ. ಪದ್ಧತಿ ತಂದದ್ದು 1877ರಲ್ಲಿ. ಪತ್ರಿಕೆಯ ಕೊನೆಯ ಪುಟದ ಜಾಹೀರಾತು ನೋಡಿ ಕಾರ್ಡು ಬರೆದರೆ ಪುಸ್ತಕವೋ ಗಡಿಯಾರವೋ ಪೋಸ್ಟ್‌ಮನ್ನನ ಚೀಲದಲ್ಲಿ ಬರುತ್ತಿತ್ತು. ಹಣ ಎಣಿಸಿಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ಅಮೆರಿಕದಲ್ಲಿ ನಿಕ್ ಸ್ವಿನ್‌ಮರ್ನ್ ಎಂಬಾತ 1999ರಲ್ಲಿ ಊರಿನ ಚಪ್ಪಲಿ ಅಂಗಡಿಗಳ ಬೂಟುಗಳ ಫೋಟೊ ತೆಗೆದು ಅಂತರ್ಜಾಲದಲ್ಲಿ ಹಾಕಿದ. ಯಾರಾದರೂ ಬೇಕೆಂದರೆ ಅಂಗಡಿಗೆ ಹೋಗಿ ಕೊಂಡು ಕಳಿಸುತ್ತಿದ್ದ. ಅದು ಝಾಪೋಸ್ ಕಂಪನಿಯಾಯಿತು. ಮೊದಲ ವರ್ಷಗಳಲ್ಲಿ ತಯಾರಕರೇ ಗಿರಾಕಿಗೆ ನೇರವಾಗಿ ಬೂಟು ಕಳಿಸುತ್ತಿದ್ದರು. ಬೇರೆಯವರ ಗೋದಾಮಿನಲ್ಲಿ ಸರಕು ಇದೆಯೋ ಇಲ್ಲವೋ ಎಂಬ ಖಾತ್ರಿ ಸಿಗದೆ ಕಂಪನಿ 2003ರಲ್ಲಿ ಆ ಪದ್ಧತಿಯನ್ನೇ ಕೈಬಿಟ್ಟಿತು. ಈ ಕತೆಯಿಂದ ನಾನು ತೆಗೆದುಕೊಂಡ ಪಾಠ ಒಂದೇ. ಸರಕು ನನ್ನ ಕೈಯಲ್ಲಿರಬೇಕಿಲ್ಲ, ಆದರೆ ಅದನ್ನು ಮಾಡುವ ಕೈಗಳ ಪರಿಚಯ ನನಗಿರಲೇಬೇಕು.

ಇಳಕಲ್ ಸೀರೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅದರ ಸೆರಗು. ಈ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯೋ ರೇಷ್ಮೆಯೋ ಇರಬಹುದು. ಸೆರಗಿಗೆ ಕೆಂಪು ರೇಷ್ಮೆ. ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ ಶುರು. ಇದೇ ತೋಪ ತೆನಿ. ಹೀಗೆ ಜೋಡಿಸಬೇಕಾದ್ದರಿಂದ ಹಾಸನ್ನು ಒಂದೊಂದು ಸೀರೆಗೂ ಬೇರೆಯಾಗಿ ಅಣಿ ಮಾಡಬೇಕು: ಆರು ಗಜದ್ದಕ್ಕೆ ಆರು, ಒಂಬತ್ತು ಗಜದ್ದಕ್ಕೆ ಒಂಬತ್ತು. ರಾಶಿ ನೇಯ್ದು ಗೋದಾಮು ತುಂಬಿಸುವ ಸರಕಲ್ಲ ಇದು. ಗಿರಾಕಿ ಕೇಳಿದರೆ ಮಗ್ಗಕ್ಕೆ ಏರುವಂಥದ್ದು. ಮುಂಗಡ ಬಂಡವಾಳ ಹಾಕದೆ, ದಾಸ್ತಾನು ಇಡದೆ, ಕೇಳಿಕೆ ಬಂದಾಗ ಕಳಿಸುವ ಡ್ರಾಪ್ ಶಿಪ್ಪಿಂಗ್ ವ್ಯಾಪಾರಕ್ಕೆ ಇದಕ್ಕಿಂತ ಒಪ್ಪುವ ಬಟ್ಟೆ ನನಗೆ ಬೇರೆ ಕಂಡಿಲ್ಲ.

ನಕಲಿಯನ್ನು ಗುರುತಿಸುವ ದಾರಿಯೂ ಆ ಸೆರಗಿನಲ್ಲೇ ಇದೆ. ಪವರ್‌ಲೂಮಿನ ಅಗ್ಗದ ಸೀರೆಯಲ್ಲಿ ಹಾಸು ಒಂದೇ. ಒಡಲಿನ ಎಳೆಯೇ ಸೆರಗಿನವರೆಗೂ ಓಡುತ್ತದೆ. ಹಸಿರು ಸೀರೆಯಾದರೆ ಸೆರಗಿನ ಕೆಂಪಿನ ಒಳಗೆ ಹಸಿರು ಇಣುಕುತ್ತದೆ, ಕೆಂಪು ಮಂಕಾಗುತ್ತದೆ. ತೋಪ ತೆನಿಯಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಕೆಂಪು ಕೆಂಪಾಗಿಯೇ ನಿಲ್ಲುತ್ತದೆ. ಒಡಲು ಮುಗಿದು ಸೆರಗು ಹುಟ್ಟುವ ಗೆರೆಯ ಮೇಲೆ ಬೆರಳಾಡಿಸಿದರೆ ಕೊಂಡಿಗಳ ಸಾಲು ಕೈಗೆ ತಾಕುತ್ತದೆ. ಎರಡೂ ಬಗೆಯ ಸೀರೆಗಳಿಗೆ ಅವುಗಳದೇ ಗಿರಾಕಿಗಳಿದ್ದಾರೆ. ಒಂದನ್ನು ಇನ್ನೊಂದೆಂದು ಹೇಳಿ ಮಾರುವುದು ಮಾತ್ರ ಮೋಸ. ಈ ವ್ಯತ್ಯಾಸ ತಿಳಿಯದೆ ಅಂಗಡಿ ತೆರೆಯಬಾರದೆಂದು ನಾನು ಮೊದಲು ಮಾಡಿದ್ದು ಬಸ್ಸು ಹತ್ತಿ ಇಳಕಲ್ಲಿಗೆ ಹೋಗಿ ಮಗ್ಗದ ಮನೆಗಳಲ್ಲಿ ಕೂತದ್ದು. ಕುಣಿಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರ ಪಕ್ಕ ಕೂತು ನೋಡಿದರೆ ಬೆಲೆ ಯಾಕೆ ಇಷ್ಟು ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಇನ್ನು ಫೋಟೊ. ಕಪಾಟಿಲ್ಲದ ಅಂಗಡಿಗೆ ಫೋಟೊವೇ ಕಪಾಟು. ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ, ಚಂದ್ರಕಾಳಿಯ ಕಪ್ಪು, ಮದುವೆಯ ಸೀರೆಯ ಕುಂಕುಮದ ಕೆಂಪು, ಇವೆಲ್ಲ ಬೆಳಕಿಗೆ ತಕ್ಕಂತೆ ಬದಲಾಗುತ್ತವೆ. ಇದನ್ನು ನನಗೆ ಕಲಿಸಿದವರು ನೂಲು ಸುತ್ತುತ್ತ ಕೂತಿದ್ದ ಒಬ್ಬ ಅಜ್ಜಿ. “ಅಕ್ಕಾರ, ಟ್ಯೂಬಲೈಟಿನಾಗ ಫೋಟೊ ತಗೀಬ್ಯಾಡ್ರಿ, ಕೆಂಪ ಸುಳ್ಳ ಹೇಳತೈತಿ. ಮುಂಜಾನೆ ಕಟ್ಟಿ ಮ್ಯಾಲ ಹಾಸಿ ತಗೀರಿ” ಎಂದರು. ಅಂದಿನಿಂದ ಆ ಮನೆಯ ಹುಡುಗ ಬೆಳಗಿನ ನೆರಳಿನಲ್ಲಿ, ಹೊರಗಿನ ಕಟ್ಟೆಯ ಮೇಲೆ ಸೀರೆ ಹಾಸಿಯೇ ಫೋಟೊ ಕಳಿಸುತ್ತಾನೆ. ಪ್ರತಿ ಸೀರೆಗೂ ನಾನು ಕೇಳುವ ಚಿತ್ರಗಳು ಐದು: ಪೂರ್ತಿ ಸೆರಗು, ದಡಿಯ ಮೇಲೆ ಅಂಗೈ ಇಟ್ಟದ್ದು, ತೋಪ ತೆನಿಯ ಜೋಡಣೆ, ಸೆರಗಿನ ಹಿಂಬದಿ, ಮಡಿಸಿದ ಒಡಲು. ಅಂಗೈ ಇದ್ದರೆ ದಡಿಯ ಅಗಲ ತಾನೇ ತಿಳಿಯುತ್ತದೆ. ಹಿಂಬದಿ ತೋರಿಸಿದರೆ ನೇಯ್ಗೆಯಲ್ಲಿ ಮುಚ್ಚಿಡುವುದೇನೂ ಇಲ್ಲವೆಂದು ತಿಳಿಯುತ್ತದೆ.

ಫೋಟೊದ ಕೆಳಗಿನ ನಾಲ್ಕು ಸಾಲು ಬರೆಯುವುದು ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿಯ ಕೆಲಸ. ಸುಂದರ, ಅದ್ಭುತ, ಅಪರೂಪ ಎಂಬ ಪದಗಳಿಂದ ಯಾವ ಗಿರಾಕಿಗೂ ಏನೂ ತಿಳಿಯುವುದಿಲ್ಲ. ಒಡಲು ಹತ್ತಿಯೋ, ರೇಷ್ಮೆಯೋ, ಎರಡರ ಬೆರಕೆಯೋ, ದಡಿ ಚಿಕ್ಕಿಯೋ, ಗೋಮಿಯೋ, ಗಾಯತ್ರಿಯೋ, ಉದ್ದ ಎಷ್ಟು, ಕುಪ್ಪಸದ ಬಟ್ಟೆ ಸೇರಿದೆಯೋ, ಗುಳೇದಗುಡ್ಡದ ಖಣ ಬೇರೆಯಾಗಿ ಕೊಳ್ಳಬೇಕೋ, ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆಯೋ ಇಲ್ಲವೋ. ಇಷ್ಟನ್ನು ನೇರವಾಗಿ ಬರೆದರೆ ಅರ್ಧ ವ್ಯಾಪಾರ ಆದಂತೆ. ಸೆರಗಿನ ಬಿಳಿಯ ಚಿತ್ತಾರಗಳಿಗೆ ಹಣಿಗೆ, ಕೋಟೆ, ಜೋಳದ ತೆನೆ ಎಂದೆಲ್ಲ ನೇಕಾರರು ಹೇಳುವ ಹೆಸರುಗಳನ್ನೂ ಬರೆಯುತ್ತೇನೆ. ತನ್ನ ಸೆರಗಿನ ತುಂಬ ಜೋಳದ ತೆನೆ ಇದೆಯೆಂದು ಓದಿದ ಹೆಣ್ಣುಮಗಳೊಬ್ಬಳು ಬೆಂಗಳೂರಿನಿಂದ ಫೋನು ಮಾಡಿ, ತನ್ನ ತವರಿನ ಹೊಲದ ಸುದ್ದಿಯನ್ನೆಲ್ಲ ಹೇಳಿದಳು. ಸೀರೆಯ ಮಾತು ಕೊನೆಗೆ ಬಂತು.

ಹೀಗೆ ಮಾತಾಡುವವರೇ ನನ್ನ ಗಿರಾಕಿಗಳಲ್ಲಿ ಹೆಚ್ಚು. ಮಹಾರಾಷ್ಟ್ರದ ಮನೆಗಳಲ್ಲೂ ಇಳಕಲ್ ಸೀರೆ ಉಟ್ಟ ಅಜ್ಜಿಯರಿದ್ದರು; ಸೊಲ್ಲಾಪುರದವರು ಒಂಬತ್ತು ಗಜದ್ದು ಕೇಳುವುದು ಅದಕ್ಕೇ. ಮಗಳ ಮದುವೆಗೆ ಬೇಕೆನ್ನುವವರಿಗೆ ನಾನು ಮೊದಲು ಕೇಳುವುದು ತಾರೀಖು. ತೋಪ ತೆನಿ ಸೀರೆ ಮಗ್ಗದಿಂದ ಇಳಿಯಲು ವಾರವೂ ಹಿಡಿಯಬಹುದು. ಮಳೆಗಾಲದಲ್ಲಿ ಕುಣಿಗೆ ತಂಡಿ ಏರುತ್ತದೆ, ಕೆಲಸ ನಿಧಾನವಾಗುತ್ತದೆ. ನೇಕಾರರ ಮನೆಯಲ್ಲೂ ಹಬ್ಬ, ಮದುವೆ, ಜ್ವರ ಇರುತ್ತವೆ. ನಾಳೆಯೇ ಬರುತ್ತದೆ ಎಂದು ಆಸೆ ಹುಟ್ಟಿಸುವ ಬದಲು ಇಂಥ ದಿನ ಎಂದು ಹೇಳಿ, ಅದಕ್ಕಿಂತ ಎರಡು ದಿನ ಮೊದಲೇ ಮುಟ್ಟಿಸಿದರೆ ಆ ಮನೆಯವರು ನೆಂಟರಿಗೆಲ್ಲ ನಮ್ಮ ನಂಬರು ಕೊಡುತ್ತಾರೆ.

ಲೆಕ್ಕವನ್ನೂ ಪ್ರೀತಿಯಿಂದಲೇ ಮಾಡಬೇಕು. ಉದಾಹರಣೆಗೆ, ನೇಕಾರರ ಬೆಲೆ 3,000 ರೂಪಾಯಿ, ಅಂಚೆ ಮತ್ತು ಪ್ಯಾಕಿಂಗಿಗೆ 120, ನನ್ನ ಪಾಲು 350 ಎಂದಿಟ್ಟುಕೊಳ್ಳಿ. ಗಿರಾಕಿಗೆ 3,470. ಹಣ ಬಂದ ದಿನವೇ ನೇಕಾರರ ಪಾಲು ಅವರ ಖಾತೆಗೆ ಹೋಗಬೇಕು. ನೂಲಿನ ಅಂಗಡಿಯ ಬಾಕಿ ಅವರ ತಲೆಯ ಮೇಲಿರುತ್ತದೆ. ಸರಕು ಮುಟ್ಟಿದ ಮೇಲೆ ಹಣ ಪಡೆಯುವ ಕ್ಯಾಷ್ ಆನ್ ಡೆಲಿವರಿಯನ್ನು ನಾನಿಟ್ಟಿಲ್ಲ. ಯಾರೋ ಮನಸ್ಸು ಬದಲಿಸಿದ ಕಾರಣಕ್ಕೆ ನೇಕಾರರ ಸೀರೆ ಊರೂರು ಸುತ್ತಿ ಮಾಸಿ ಬರಬಾರದು. ಆದರೆ ದೋಷವಿದ್ದರೆ, ಹೇಳಿದ್ದು ಒಂದು ಕಳಿಸಿದ್ದು ಇನ್ನೊಂದಾದರೆ, ಸೀರೆ ವಾಪಸು ಪಡೆದು ಹಣ ಮರಳಿಸುವುದರಲ್ಲಿ ಎರಡು ಮಾತಿಲ್ಲ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು ಹೇಳುವುದೂ ಅದನ್ನೇ. ಜೊತೆಗೆ, ದೂರು ಮುಟ್ಟಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಜ್ಯದ ಗಡಿ ದಾಟಿ ಸರಕು ಕಳಿಸುವವರಿಗೆ ವಹಿವಾಟು ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿಯಿದೆ. ಮೊದಲ ಪಾರ್ಸೆಲ್ ಹೊರಡುವ ಮೊದಲೇ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಕೂತು ಇದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಪಾರ್ಸೆಲ್ ಹೊರಟ ಮೇಲೆ ಅಂಚೆಯ ಟ್ರ್ಯಾಕಿಂಗ್ ನಂಬರು ಹಾಕಿ ನೋಡುವುದು ನನ್ನ ಸಂಜೆಯ ಕೆಲಸ. ಇಳಕಲ್ಲಿನಲ್ಲಿ ಬುಕ್ ಆಯಿತು, ಹುಬ್ಬಳ್ಳಿ ದಾಟಿತು, ಪುಣೆ ಮುಟ್ಟಿತು. ನಾನು ಒಮ್ಮೆಯೂ ಮುಟ್ಟದ ಸೀರೆಯೊಂದು ನನ್ನ ಮಾತಿನ ಮೇಲೆ ಅಷ್ಟು ದೂರ ಹೋಗುತ್ತಿದೆ ಎಂಬುದು ದಿನವೂ ಹೊಸದಾಗಿ ಕಾಣುವ ಸಂತೋಷ. ಗಿರಾಕಿ ಉಟ್ಟು ತೆಗೆಸಿಕೊಂಡ ಫೋಟೊ ಬಂದರೆ ಅದನ್ನು ಮೊದಲು ನೇಕಾರರ ಮನೆಗೆ ಕಳಿಸುತ್ತೇನೆ. ತಾವು ನೇಯ್ದದ್ದನ್ನು ಯಾರು ಉಟ್ಟರು ಎಂದು ನೋಡುವ ಭಾಗ್ಯ ಮೊದಲು ಅವರಿಗೆ ಇರಲಿಲ್ಲ. ನಡುವೆ ಕೂತವರು ಹೆಸರುಗಳನ್ನು ಮುಚ್ಚಿಡುವ ಕಾಲದಲ್ಲಿ, ನೇಯ್ದವರನ್ನೂ ಉಟ್ಟವರನ್ನೂ ಪರಿಚಯ ಮಾಡಿಸುವುದು ಈ ಕಸುಬಿನ ಅತಿ ದೊಡ್ಡ ಲಾಭವೆಂದು ನಾನು ನಂಬಿದ್ದೇನೆ.

ಈ ವ್ಯಾಪಾರ ಶುರು ಮಾಡಬೇಕೆಂದು ಕೇಳುವವರು ಬಹಳ. ಅವರಿಗೆ ಹೇಳುವುದಿಷ್ಟು. ಎಲ್ಲಿಯೋ ತಯಾರಾದ, ನೀವು ಕಣ್ಣಿಂದ ಕಾಣದ ಸರಕಿನ ಫೋಟೊ ಹಾಕಿ ಮಾರಲು ಹೊರಡಬೇಡಿ. ನಿಮ್ಮ ಸುತ್ತಲೇ ನೋಡಿ: ಚನ್ನಪಟ್ಟಣದ ಅರಗಿನ ಗೊಂಬೆ, ನವಲಗುಂದದ ಜಮಖಾನೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು. ಒಂದನ್ನು ಆರಿಸಿ. ಅದನ್ನು ಮಾಡುವವರ ಮನೆಗೆ ಹೋಗಿ, ಕೂತು ನೋಡಿ, ಮೊದಲನೆಯದನ್ನು ನಿಮ್ಮ ದುಡ್ಡಿನಿಂದಲೇ ಕೊಂಡು ಬಳಸಿ. ಅಂಗಡಿ ಆಮೇಲೆ ತೆರೆಯಿರಿ.