ಬಾಯಿಗೂಡದ ಪ್ರಾಣಿ

ನಮ್ಮ ಕೆರಗೋಡಿನ ಕಡೆ ಹೋರಿ ಕೊಳ್ಳುವವರು ಮೊದಲು ಅದರ ತುಟಿ ಎತ್ತಿ ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿತು ಅಂದರೆ ವಯಸ್ಸಿನ ಲೆಕ್ಕ ಮುಗಿಯಿತು. ಇಂಥ ಊರಿಗೆ ಮಗಳು ಬೆಂಗಳೂರಿನಿಂದ ಗಿನಿಪಿಗ್ ತಂದಳು. "ಇದ್ಯಾವ ಹೆಗ್ಗಣವ್ವ, ಬಾಲ್ವೇ ಇಲ್ಲ?" ಅಂದರು ಪಕ್ಕದ ಮನೆಯ ದೊಡ್ಡವ್ವ. ಬಾಲ ಹೋಗಲಿ, ಅದರ ಹಲ್ಲು ನಮ್ಮ ಲೆಕ್ಕಕ್ಕೆ ಸಿಕ್ಕುವುದೇ ಅಲ್ಲ. ಇರುವುದು 20, ಅಷ್ಟೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದಷ್ಟೂ ಸವೆಯಬೇಕು, ಸವೆದಷ್ಟೂ ಬೆಳೆಯಬೇಕು.

ಆಂಡಿಸ್ ಬೆಟ್ಟಗಳ ಜನ ಇದನ್ನು ಪಳಗಿಸಿ ಸುಮಾರು 7000 ವರ್ಷವಾಯಿತು. ಮುದ್ದಿಗಲ್ಲ, ಸಾರಿಗೆ. ಪೆರುವಿನ ಹಳ್ಳಿಮನೆಗಳಲ್ಲಿ ಈಗಲೂ ಅಡುಗೆಮನೆಯಲ್ಲೇ ಓಡಾಡಿಕೊಂಡಿರುತ್ತದೆ, ನಮ್ಮ ಹಿತ್ತಲಿನ ಕೋಳಿಯ ಹಾಗೆ. 16ನೇ ಶತಮಾನದಲ್ಲಿ ಹಡಗು ಹತ್ತಿ ಯುರೋಪಿಗೆ ಹೋದ ಮೇಲೆ ಶ್ರೀಮಂತರ ಮಕ್ಕಳ ತೊಡೆ ಏರಿತು. ಅಲ್ಲಿಂದ ವಿಜ್ಞಾನಿಗಳ ಮೇಜಿಗೆ. 1780ರ ದಶಕದಲ್ಲಿ ಲವಾಸಿಯೇ ಇದನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಕೂರಿಸಿ, ಕರಗಿದ ನೀರನ್ನು ಅಳೆದು, ಉಸಿರಾಟವೆಂದರೆ ನಿಧಾನದ ಉರಿ ಎಂದ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಧಾನ್ಯ ತಿನ್ನಿಸಿ ಇದಕ್ಕೆ ಸ್ಕರ್ವಿ ಬರಿಸಿದರು. ನಮ್ಮಂತೆ ಇದಕ್ಕೂ ಮೈಯಲ್ಲೇ ಸಿ ವಿಟಮಿನ್ ಮಾಡಿಕೊಳ್ಳಲು ಬಾರದು. ಮನುಷ್ಯರ ಕಾಯಿಲೆಗೆ ಇಷ್ಟೆಲ್ಲ ಮೈಯೊಡ್ಡಿದ ಜೀವಕ್ಕೆ ಹಲ್ಲು ಕೆಟ್ಟಾಗ, ನೋಡುವವರನ್ನು ಹುಡುಕಿಕೊಂಡು ಮತ್ತೆ ಬೆಂಗಳೂರಿಗೇ ಓಡಬೇಕಾಯಿತು.

ಗದ್ದ ಸದಾ ಜೊಲ್ಲಿನಿಂದ ಒದ್ದೆ. ಸೀಬೆಯ ಚೂರನ್ನು ಆಸೆಯಿಂದ ಕಚ್ಚುತ್ತಿತ್ತು, ಬಿಟ್ಟುಬಿಡುತ್ತಿತ್ತು. ಕೆಳದವಡೆಯ ಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯನ್ನೇ ಅದುಮಿದ್ದವು. ಅರಿವಳಿಕೆ ಕೊಟ್ಟು ಕತ್ತರಿಸಿ, ಉಜ್ಜಿ ಸಮ ಮಾಡಿದರು. ಅದೆಲ್ಲ ಸುಸೂತ್ರವಾಗಿಯೇ ಆಯಿತು. ಹೋದದ್ದು ಮನೆಗೆ ಬಂದ ಮೇಲೆ.

ದೊಡ್ಡವ್ವ ಕುರಿ ಸಾಕಿದವರು. ಗೂಡಿನೊಳಗೆ ಬಗ್ಗಿ ನೋಡಿ, "ಹಿಕ್ಕೆ ನೋಡ್ದಾ ಮಗ? ಸಣ್ಣಗಾಗವೆ. ಹೊಟ್ಟೆ ನಿಂತೈತೆ" ಅಂದರು. ವೈದ್ಯರು ಫೋನಿನಲ್ಲಿ ಹೇಳಿದ್ದೂ ಅದನ್ನೇ. ಹಲ್ಲು ಸರಿಹೋದರೂ ಬಾಯಿಯ ನೋವು ಉಳಿದಿರುತ್ತದೆ. ಅರ್ಧ ದಿನ ತಿನ್ನದೆ ಕೂತರೆ ಸಾಕು, ಕರುಳು ಸೋತು ಗಾಳಿ ತುಂಬುತ್ತದೆ. ನೋವನ್ನು ತೋರಿಸಿಕೊಳ್ಳುವ ಪ್ರಾಣಿಯೂ ಅಲ್ಲ. ಹಾಗಾಗಿ ನೋವಿನ ಔಷಧ ತಪ್ಪಬಾರದು, ಮೈ ತಣ್ಣಗಾಗಬಾರದು. ಹುಲ್ಲಿನ ಪುಡಿ ಕಲಸಿದ ಗಂಜಿಯನ್ನು ಸಿರಿಂಜಿನಲ್ಲಿ ತೊಟ್ಟುತೊಟ್ಟಾಗಿ, ಸರಿರಾತ್ರಿಯಲ್ಲೂ ಎದ್ದು ಕುಡಿಸಬೇಕು. ದಿನಾ ತಕ್ಕಡಿಗೆ ಹಾಕಬೇಕು, ತೂಕ ಇಳಿಯುವುದು ಕಣ್ಣಿಗಿಂತ ಮೊದಲು ಅಲ್ಲಿ ಕಾಣುತ್ತದೆ. ಇದಕ್ಕೆ ವಾಂತಿ ಬಾರದು, ಆದ್ದರಿಂದ ಆಪರೇಷನ್ನಿಗೆ ಮುಂಚೆ ನಾಯಿಯಂತೆ ರಾತ್ರಿಯೆಲ್ಲ ಉಪವಾಸ ಕೆಡವುವಂತಿಲ್ಲ. ಮನೆಯಲ್ಲಿ ಉಳಿದ ಪೆನಿಸಿಲಿನ್ ಜಾತಿಯ ಮಾತ್ರೆ ಕೊಟ್ಟರಂತೂ ಹೊಟ್ಟೆಯ ಒಳ್ಳೆಯ ಸೂಕ್ಷ್ಮಾಣುಗಳೆಲ್ಲ ಸತ್ತು ಪ್ರಾಣಕ್ಕೇ ಬರುತ್ತದೆ. ಹೇಳಿದ್ದನ್ನೆಲ್ಲ ಮಾಡಿದೆವು. ಉಳಿಯಲಿಲ್ಲ.

ಈಗ ಮಗಳು ಮತ್ತೆ ತರುತ್ತಾಳಂತೆ, ಈ ಸಲ ಜೋಡಿ. ಒಂಟಿಯಾದರೆ ಕೊರಗುತ್ತವೆಂದು ಸ್ವಿಟ್ಜರ್ಲೆಂಡಿನಲ್ಲಿ ಒಂದನ್ನೇ ಸಾಕುವುದು ಕಾನೂನಿಗೆ ವಿರುದ್ಧ. ಹುಲ್ಲಿಗೆ ಯೋಚನೆಯಿಲ್ಲ, ನಾಲೆ ನೀರು ಹರಿಯುವ ಬದುಗಳಲ್ಲಿ ಗರಿಕೆಗೇನು ಬರ? ದೊಡ್ಡವ್ವನ ತಕರಾರು ಒಂದೇ: "ಎಲ್ಡೂ ಹೆಣ್ಣೇ ತಕ್ಕಬಾ ಕಣವ್ವ. ಮೊಲ ಸಾಕಿ ಸಾಕಾಗೋಗೈತೆ ನಂಗೆ."